ಉಣ್ಣುವ ಹೊಲ, ಮಾರುವ ಹೊಲ

ಸ್ವಾವಲಂಬನೆಯ ಬದುಕೆಂಬ ಮಾತು ಈಚೆಗೆ ನಮ್ಮ ಬೆಳೆಗಾರರ ನಡುವೆ ಮತ್ತೆ ಕೇಳಿಬರುತ್ತಿದೆ. ಪೇಟೆಯ ನೌಕರಿಯಲ್ಲಿ ದಣಿದವರು ಊರಿಗೆ ಮರಳಿ, ಎಲ್ಲವನ್ನೂ ತಾವೇ ಬೆಳೆದು ಉಣ್ಣುತ್ತೇವೆಂದು ಹೊರಡುವುದುಂಟು. ಇನ್ನೊಂದು ಕಡೆ, ಅಡಿಕೆ-ಕಾಫಿಗೆ ಒಳ್ಳೆಯ ಧಾರಣೆ ಇರುವಾಗ ಅಕ್ಕಿ ಬೆಳೆಯುವುದು ದಡ್ಡತನವೆಂದು ವಾದಿಸುವವರೂ ಇದ್ದಾರೆ. ಈ ಎರಡರ ನಡುವೆ ಸಣ್ಣ ಹಿಡುವಳಿದಾರನು ಎಲ್ಲಿ ನಿಲ್ಲಬೇಕೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಸದಸ್ಯರು ಬೆಳಗಾವಿ ಜಿಲ್ಲೆಯ ಉತ್ತರದ ತುದಿಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಡೆಗೆ ಒಮ್ಮೆ ನೋಡಬೇಕೆಂದು ನಮ್ಮ ಅಪೇಕ್ಷೆ. ಅದು ನಮ್ಮಂಥ ತೋಟಗಳ ಸೀಮೆಯಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಕಬ್ಬು. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು. ಅಥಣಿಯ ಮೂಡಣಕ್ಕೆ ಹೋದರೆ ಮಳೆಯನ್ನೇ ನಂಬಿದ ಜೋಳದ ಹೊಲ. ಆದರೂ ಅಲ್ಲಿಯ ಸಣ್ಣ ರೈತನ ಕತೆ ನಮ್ಮ ಕತೆಯೇ ಎಂದರೆ ತಪ್ಪಾಗದು.

ಒಂದು ದಿನದ ಲೆಕ್ಕ

ಆ ಒಣಭೂಮಿಯಲ್ಲಿ ನಾಲ್ಕೈದು ಎಕರೆ ಇರುವ ಮನೆಯ ಒಂದು ದಿನವನ್ನು ನಾವು ಕಂಡಂತೆ ಹೇಳುತ್ತೇವೆ. ನಸುಕಿನಲ್ಲಿ ಒಲೆಗೆ ಇಕ್ಕುವ ಕುಳ್ಳು ಮತ್ತು ತೊಗರಿಕಟ್ಟಿಗೆ ಮನೆಯವು. ಎಮ್ಮೆಯ ಹಾಲು ಮನೆಯದು. ಚಹಾಪುಡಿ, ಸಕ್ಕರೆ ಮಾತ್ರ ಅಂಗಡಿಯವು. ಅಂದರೆ ಸ್ವಾವಲಂಬನೆಯ ದಿನವೂ ಅಂಗಡಿಯ ಸಾಮಾನಿನಿಂದಲೇ ಆರಂಭ! ಹೊತ್ತೇರುವ ಮೊದಲೇ ಬಿಳಿಜೋಳದ ರೊಟ್ಟಿ ಬಡಿದು, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ ಸೇರಿಸಿ ಬುತ್ತಿ ಕಟ್ಟುತ್ತಾರೆ. ಉಪ್ಪನ್ನು ಬಿಟ್ಟರೆ ಆ ಬುತ್ತಿಯಲ್ಲಿ ಕೊಂಡು ತಂದದ್ದು ಏನೂ ಇಲ್ಲ.

ಎಣ್ಣೆ ಕುಸುಬಿಯದು. ಜೋಳದ ನಡುವೆ ಅಕ್ಕಡಿ ಸಾಲಾಗಿಯೂ ಹೊಲದ ಅಂಚಿಗೂ ಕುಸುಬಿ ಬಿತ್ತುತ್ತಾರೆ. ಅದರ ಮುಳ್ಳಿಗೆ ದನ ಒಳನುಗ್ಗುವುದಿಲ್ಲ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಜೋಳದ ಕಾಳು ಮನೆಗೆ, ಕಣಿಕೆ ಎತ್ತು-ಎಮ್ಮೆಗೆ, ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮರಳಿ ಹೊಲಕ್ಕೆ. ಮುಂದಿನ ಬಿತ್ತನೆಗೆಂದು ಆರಿಸಿಟ್ಟ ಬೀಜವೂ ಮನೆಯದೇ.

ಐದು ಜನರ ಆ ಮನೆಗೆ ದಿನಕ್ಕೆ ಎರಡು ಕಿಲೋ ಜೋಳ ಹಿಡಿದರೆ ವರ್ಷಕ್ಕೆ ೭೩೦ ಕಿಲೋ, ಎಂದರೆ ಏಳೂಕಾಲು ಕ್ವಿಂಟಾಲ್. ಮಳೆಯ ಆಸರೆಯಲ್ಲಿ ಎಕರೆಗೆ ಐದು ಕ್ವಿಂಟಾಲ್ ಬಂದರೂ ಒಂದೂವರೆ ಎಕರೆ ಸಾಕು. ಉಳಿದ ಭೂಮಿಯಲ್ಲಿ ಬೆಳೆದದ್ದು ಮಾರಾಟಕ್ಕೆ. ಬಟ್ಟೆ, ಕಬ್ಬಿಣದ ಸಾಮಾನು, ಔಷಧಿ, ಮಕ್ಕಳ ಶಾಲೆ, ವಿದ್ಯುತ್ತಿನ ಬಿಲ್ಲು ಇವೆಲ್ಲಕ್ಕೂ ರೊಕ್ಕ ಬೇಕಲ್ಲವೆ?

ಆದ್ದರಿಂದ ಸಂಪೂರ್ಣ ಸ್ವಾವಲಂಬನೆ ಎಂಬುದು ಒಂಟಿ ಮನೆಗೆ ಎಂದೂ ಇರಲಿಲ್ಲ. ಹಿಂದೆ ಇದ್ದದ್ದು ಊರಿನ ಸ್ವಾವಲಂಬನೆ. ಬಡಿಗ, ಕಮ್ಮಾರ, ಕುಂಬಾರ ಮೊದಲಾದವರು ಸುಗ್ಗಿಯಲ್ಲಿ ಆಯ ಪಡೆದು ವರ್ಷವಿಡೀ ದುಡಿಯುತ್ತಿದ್ದರು. ಅದರೊಳಗೆ ಜಾತಿಯ ಕಟ್ಟೂ ಬಿಟ್ಟಿ ದುಡಿಮೆಯೂ ಇದ್ದವು. ಅದನ್ನು ಮರಳಿ ತರಬೇಕೆಂದು ನಾವು ಹೇಳುವವರಲ್ಲ. ನಾವು ಹೇಳುವುದು ಆ ಒಂದೂವರೆ ಎಕರೆಯ ಮಾತನ್ನು ಮಾತ್ರ.

ಉಣ್ಣುವ ಹೊಲ ಕರಗಿದಾಗ

ನದಿಯ ಏತ ನೀರಾವರಿಯೂ ಹಿಡಕಲ್ ಜಲಾಶಯದ ಕಾಲುವೆಯೂ ಬಂದ ಕಡೆ ಜೋಳ ಹಿಂದೆ ಸರಿದು ಕಬ್ಬು ಬಂತು. ಕಬ್ಬಿನಿಂದ ಪಕ್ಕಾ ಮನೆಯಾಯಿತು, ಮಕ್ಕಳು ಕಾಲೇಜು ಕಂಡರು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಕಬ್ಬು ಕಡಿಯುವ ದಿನವನ್ನು ರೈತ ನಿಶ್ಚಯಿಸಲಾರ. ಕಡಿದ ಕಬ್ಬನ್ನು ಮನೆಯಲ್ಲಿ ಇಟ್ಟುಕೊಳ್ಳಲಾರ. ಅತಿ ನೀರಿನಿಂದ ಕೃಷ್ಣೆಯ ದಂಡೆಯ ಎಷ್ಟೋ ಕಪ್ಪು ಭೂಮಿ ಸವಳಾಯಿತು. ೨೦೦೫ ಮತ್ತು ೨೦೧೯ರ ಮಹಾಪೂರಗಳಲ್ಲಿ ದಂಡೆಯ ಹೊಲಗಳು ನೀರಿನಡಿ ನಿಂತವು.

ನಿಪ್ಪಾಣಿಯ ತಂಬಾಕು ಇನ್ನೂ ಕಟುವಾದ ಪಾಠ. ವರ್ತಕನು ಹೇಳಿದ ದರ್ಜೆ, ಹೇಳಿದ ಬೆಲೆ, ಕೊಟ್ಟಾಗ ಹಣ. ಇದನ್ನು ಪ್ರತಿಭಟಿಸಿ ೧೯೮೧ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ಸಾವಿರಾರು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಬಿಡಾರ ಹೂಡಿ ಕುಳಿತರು. ಏಪ್ರಿಲ್ ೬ರಂದು ಪೊಲೀಸರ ಗುಂಡಿಗೆ ಹಲವು ರೈತರು ಬಲಿಯಾದರು. ತಂಬಾಕನ್ನು ಉಣ್ಣಲಾಗದು. ಹಣ ಬರುವವರೆಗೆ ಮನೆಯಲ್ಲಿ ಕಾಳಿಲ್ಲದವನು ಸಿಕ್ಕ ಬೆಲೆಗೆ ಕೊಡಲೇಬೇಕು.

ಯೋಗ್ಯ ಬೆಲೆಗಾಗಿ ಹೋರಾಡಿದ ಅದೇ ಶರದ್ ಜೋಶಿಯವರು ೧೯೯೦ರ ದಶಕದ ಆರಂಭದಲ್ಲಿ ‘ಸೀತಾ ಶೇತಿ’ಯ ವಿಚಾರ ಮುಂದಿಟ್ಟರು. ಶೇತಿ ಎಂದರೆ ಮರಾಠಿಯಲ್ಲಿ ಬೇಸಾಯ. ಭೂಮಿಯ ಒಂದು ತುಂಡನ್ನು ಮನೆಯ ಊಟಕ್ಕೆಂದು ಇಟ್ಟು, ಕೊಂಡು ತರುವ ಗೊಬ್ಬರ-ಔಷಧಿ ಆದಷ್ಟು ಕಡಿಮೆ ಮಾಡಿ, ಅದರ ಆಡಳಿತವನ್ನು ಮನೆಯ ಹೆಂಗಸಿಗೆ ಬಿಡಬೇಕು ಎಂಬುದು ಅದರ ಸಾರ. ಹೆಂಡತಿಯ ಹೆಸರಿಗೆ ಜಮೀನು ಮಾಡಿಕೊಡಿರೆಂಬ ‘ಲಕ್ಷ್ಮೀ ಮುಕ್ತಿ’ಯ ಕರೆಯೂ ಅವರದೇ. ಬೆಲೆಯ ಹೋರಾಟಕ್ಕೂ ಉಣ್ಣುವ ಹೊಲಕ್ಕೂ ವಿರೋಧವಿಲ್ಲ, ಒಂದು ಇನ್ನೊಂದಕ್ಕೆ ಬಲ, ಎಂಬುದೇ ನಾವು ಇದರಿಂದ ಕಲಿಯಬೇಕಾದ್ದು.

ಹೆಂಗಸರ ಮಾತು ಇಲ್ಲಿ ಕೇವಲ ಮರ್ಯಾದೆಗೆ ಬಂದುದಲ್ಲ. ಮೇಲೆ ಹೇಳಿದ ದಿನವನ್ನು ಮತ್ತೊಮ್ಮೆ ಓದಿ. ಕುಳ್ಳು ತಟ್ಟಿದವರು, ಹಾಲು ಕರೆದವರು, ರೊಟ್ಟಿ ಬಡಿದವರು, ಬೀಜ ಆರಿಸಿದವರು ಯಾರು? ಸ್ವಾವಲಂಬನೆಯ ಹೆಸರಿನಲ್ಲಿ ಮನೆಯಾಕೆಯ ದುಡಿಮೆ ಇಮ್ಮಡಿಯಾಗಿ, ಲೆಕ್ಕದ ಪುಸ್ತಕ ಮಾತ್ರ ಯಜಮಾನನ ಕೈಯಲ್ಲಿ ಉಳಿಯುವುದಾದರೆ ಅದನ್ನು ಸ್ವಾವಲಂಬನೆ ಎನ್ನಲು ನಮಗೆ ಮನಸ್ಸಿಲ್ಲ.

ನಮ್ಮ ತೋಟಗಳ ಮಾತು

ಅಲ್ಲಿ ಕಬ್ಬು ಬಂದು ಜೋಳ ಹೋದಂತೆ ಇಲ್ಲಿ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟದ್ದನ್ನು ನಾವೆಲ್ಲ ಬಲ್ಲೆವು. ೧೯೭೦ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ಒಂದಾಗಿ ೧೯೭೩ರಲ್ಲಿ ಕ್ಯಾಂಪ್ಕೊ ಕಟ್ಟಿದರು. ೨೦೦೦ದ ಅನಂತರದ ಒಂದೆರಡು ವರ್ಷ ಕಾಫಿ ಧಾರಣೆ ನೆಲ ಕಚ್ಚಿತು. ಈಗ ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಕಾಡುತ್ತಿದೆ.

ಆದರೆ ಕಬ್ಬಿಗೆ ಇಲ್ಲದ ಒಂದು ಅನುಕೂಲ ನಮ್ಮ ಬೆಳೆಗಳಿಗೆ ಉಂಟು. ಒಣಗಿಸಿದ ಅಡಿಕೆ, ಕಾಫಿ, ಕಾಳುಮೆಣಸು ದಾಸ್ತಾನು ತಡೆಯುತ್ತವೆ. ಹೊಸ ಚಾಲಿಗಿಂತ ಹಳೆ ಚಾಲಿಗೆ ಹೆಚ್ಚು ಬೆಲೆ. ಹಾಗಿದ್ದೂ ಸುಲಿದ ಮರುದಿನವೇ ಅಡಿಕೆ ಮಾರುವವರು ನಮ್ಮಲ್ಲಿ ಏಕಿದ್ದಾರೆ? ಅಂಗಡಿಯ ಬಾಕಿ, ಹಿಂಡಿಯ ಬಾಕಿ, ಮುಂಗಡದ ಸಾಲ. ಅಕ್ಕಿ, ಹಾಲು, ತರಕಾರಿಯ ಖರ್ಚು ತಗ್ಗಿದಷ್ಟು ಚಾಲಿ ಅಟ್ಟದ ಮೇಲೆ ನಿಲ್ಲಬಲ್ಲದು.

ಗದ್ದೆ ಬೇಸಾಯ ಮಾಡಿದರೆ ಅಂಗಡಿಯ ಅಕ್ಕಿಗಿಂತ ದುಬಾರಿ, ಆಳಿಲ್ಲ, ಹಂದಿ-ಮಂಗಗಳ ಕಾಟ ಎಂಬ ಆಕ್ಷೇಪ ಸುಳ್ಳಲ್ಲ. ನೆಟ್ಟ ಅಡಿಕೆ ಕಡಿದು ಭತ್ತ ಬೆಳೆಯಿರೆಂದು ನಾವು ಯಾರಿಗೂ ಹೇಳೆವು. ಇರುವ ಗದ್ದೆಯನ್ನು ಮಾತ್ರ ತೋಟ ಮಾಡುವ ಮೊದಲು ಅಕ್ಕಿಯ ಜತೆಗೆ ಬೈಹುಲ್ಲು, ಗೊಬ್ಬರ, ಮಾರಲು ಕಾಯಬಲ್ಲ ಶಕ್ತಿ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗದ್ದೆ ಇಲ್ಲದವರಿಗೆ ಕೊಲ್ಲಾಪುರದ ಕಡೆಯ ಶ್ರೀಪಾದ ದಾಭೋಳ್ಕರರ ಹತ್ತು ಗುಂಟೆಯ ಪ್ರಯೋಗ ದಾರಿ ತೋರಿಸೀತು. ಕಾಲು ಎಕರೆಯಿಂದ ಒಂದು ಕುಟುಂಬ ಎಷ್ಟು ಪಡೆಯಬಹುದೆಂದು ಅವರು ಲೆಕ್ಕ ಹಾಕಿ ಕಲಿಸಿದರು. ಬೇಡಕಿಹಾಳದ ಸುರೇಶ ದೇಸಾಯಿಯವರು ಕಬ್ಬಿನ ರವದಿಯನ್ನು ಸುಡದೆ ನೆಲಕ್ಕೆ ಹೊದಿಸಿ ನೀರಿನ ಖರ್ಚನ್ನು ಬಹಳ ತಗ್ಗಿಸಿದರು. ಸೋಗೆ, ಹಾಳೆ, ತರಗೆಲೆ ಬೇಕಾದಷ್ಟಿರುವ ನಮಗೆ ಇದು ಕಷ್ಟವೇನಲ್ಲ.

ನಮ್ಮ ಸಲಹೆಗಳು ಇಷ್ಟು:

೧. ಪ್ರತಿ ಸದಸ್ಯರೂ ಒಂದು ತಿಂಗಳು ಮನೆಗೆ ಕೊಂಡು ತಂದ ಆಹಾರ ಸಾಮಾನಿನ ಪಟ್ಟಿ ಬರೆದಿಡಬೇಕು. ಅದರಲ್ಲಿ ತೋಟದಲ್ಲೇ ಬೆಳೆಯಬಹುದಾದದ್ದು ಎಷ್ಟೆಂದು ಮನೆಯವರೆಲ್ಲ ಕೂಡಿ ನೋಡಬೇಕು.

೨. ಹತ್ತು ಗುಂಟೆ ಆಗದಿದ್ದರೆ ಐದಾದರೂ ಸರಿ, ಬಾಳೆ, ಗೆಡ್ಡೆ, ತರಕಾರಿ, ಬೇಳೆಕಾಳಿಗೆ ಮೀಸಲಿಡಬೇಕು. ಅದರ ತೀರ್ಮಾನವೂ ಉಳಿತಾಯವೂ ಮನೆಯಾಕೆಯದಾಗಿರಲಿ.

೩. ಕೊಯ್ಲಿನ ಮೊದಲೇ ಬೆಳೆಯನ್ನು ಒಪ್ಪಿಸಿ ಮುಂಗಡ ಪಡೆಯುವ ಬದಲು, ಸಂಘದಲ್ಲಿ ದಾಸ್ತಾನು ಇಟ್ಟು ಅದರ ಮೇಲೆ ಸಾಲ ಕೇಳಬೇಕು.

ಒಂದು ಮಹಾಪೂರ, ಒಂದು ರೋಗ, ಒಂದು ಆಸ್ಪತ್ರೆಯ ಬಿಲ್ಲು ಬಂದರೆ ಒಂಟಿ ಮನೆಯ ಕಣಜ ಬರಿದಾಗುತ್ತದೆ. ಅನ್ನಕ್ಕೆ ಮನೆ, ಸಾಲಕ್ಕೂ ಮಾರಾಟಕ್ಕೂ ಸಂಘ, ಹೀಗೆ ಎರಡು ಕಾಲ ಮೇಲೆ ನಿಂತ ಬೆಳೆಗಾರನೇ ಧಾರಣೆ ಕೇಳಿ ‘ಈಗ ಬೇಡ, ಮುಂದಿನ ತಿಂಗಳು ನೋಡೋಣ’ ಎನ್ನಬಲ್ಲ. ಅಷ್ಟು ಹೇಳುವ ಧೈರ್ಯ ನಮ್ಮ ಪ್ರತಿಯೊಬ್ಬ ಸದಸ್ಯರಿಗೂ ಬರಲಿ.