ಸಹೋದ್ಯೋಗಿಯ ಅರಿವೋ, ಮೇಲಧಿಕಾರಿಯ ಕಣ್ಗಾವಲೋ?

ಒಂದೇ ಕಡತದ ಮೇಲೆ ಹಲವರು ಏಕಕಾಲಕ್ಕೆ ದುಡಿಯಲು ನೆರವಾಗುವ ತಂತ್ರಾಂಶಗಳನ್ನು ಅಳೆಯುವುದು ಹೇಗೆ? ಜತೆಗಾರರ ಚಟುವಟಿಕೆ ಎಷ್ಟು ಕಾಣುತ್ತದೆ ಎಂಬುದೊಂದೇ ಮಾನದಂಡವಾಗದು. ಇತರರ ಕೆಲಸದ ಅರಿವು ನಮ್ಮ ಕೆಲಸಕ್ಕೆ ಸಂದರ್ಭ ಒದಗಿಸುತ್ತದೆ ಎಂದು ಸಂಶೋಧಕರಾದ ಪಾಲ್ ಡೂರಿಷ್ ಮತ್ತು ವಿಕ್ಟೋರಿಯಾ ಬೆಲೊಟ್ಟಿ 1992ರಲ್ಲೇ ಪ್ರತಿಪಾದಿಸಿದ್ದರು. ಒದಗಿಸದಿದ್ದರೆ ಅದು ಬರೀ ಗದ್ದಲ.

2009ರಲ್ಲಿ ಬಂದ ಗೂಗಲ್ ವೇವ್, ಒಬ್ಬರು ಒತ್ತಿದ ಪ್ರತಿ ಅಕ್ಷರವನ್ನೂ ಆ ಕ್ಷಣವೇ ಉಳಿದವರ ಪರದೆಗೆ ತಲುಪಿಸುತ್ತಿತ್ತು. ಬರೆದು ಅಳಿಸಿದ ಅರೆಬರೆ ವಾಕ್ಯವೂ ಬಯಲು! ನಿರೀಕ್ಷಿಸಿದಷ್ಟು ಬಳಕೆದಾರರು ದೊರೆಯದೆ 2010ರ ಆಗಸ್ಟ್‌ನಲ್ಲಿ ಕಂಪನಿ ಅದರ ಅಭಿವೃದ್ಧಿಯನ್ನು ನಿಲ್ಲಿಸಿತು. ಇದೊಂದೇ ಕಾರಣವೆನ್ನಲಾಗದು, ಏಕೆಂದರೆ ಅದೇ ಸಂಸ್ಥೆಯ ಡಾಕ್ಸ್‌ನಲ್ಲೂ ಟೈಪಿಸುವವರ ಹೆಸರು ಹೊತ್ತ ಬಣ್ಣದ ಕರ್ಸರ್ ಓಡಾಡುತ್ತದೆ. ಆದರೆ ಅಲ್ಲಿ ಅದು ತಿಳಿಸುವುದು, ಈ ಪ್ಯಾರಾ ಸದ್ಯ ಅವರ ಕೈಯಲ್ಲಿದೆ ಎಂಬುದನ್ನು. ಯಾರು ಏನು ತಿದ್ದಿದರೆಂಬ ವಿವರ ಮರುದಿನ ಬಂದವರಿಗೂ ಲಭ್ಯ.

ಇಂಥ ಮಾಹಿತಿ ಜತೆಗಾರರನ್ನು ದಾಟಿ ಮೇಲಧಿಕಾರಿಯ ಮೇಜು ತಲುಪಿದಾಗ ಕಥೆ ಬೇರೆ. ಯಾವ ನೌಕರ ಎಷ್ಟು ದಿನ ಇ-ಮೇಲ್, ಚಾಟ್ ಬಳಸಿದನೆಂಬುದನ್ನು ಮೈಕ್ರೋಸಾಫ್ಟ್‌ನ ‘ಪ್ರೊಡಕ್ಟಿವಿಟಿ ಸ್ಕೋರ್’ ಹೆಸರು ಸಹಿತ ತೋರಿಸುತ್ತಿತ್ತು. ತೀವ್ರ ಟೀಕೆಯ ಬಳಿಕ, 2020ರ ಡಿಸೆಂಬರ್‌ನಲ್ಲಿ ಹೆಸರುಗಳನ್ನು ಕೈಬಿಡುವುದಾಗಿ ಕಂಪನಿ ಪ್ರಕಟಿಸಬೇಕಾಯಿತು. ಯಾರ ಕೆಲಸ ಎಲ್ಲಿಗೆ ಬಂತೆಂಬುದನ್ನು ಆ ಅಂಕಿ ಹೇಳುತ್ತಲೇ ಇರಲಿಲ್ಲ. ಹಾಜರಿ ಸೂಚಿಸುವ ಹಸಿರು ಚುಕ್ಕೆಯದೂ ಇದೇ ಹಣೆಬರಹ: ಕೀಲಿಮಣೆ ಮುಟ್ಟದೆ ದೂರವಾಣಿಯಲ್ಲಿ ಗ್ರಾಹಕರೊಡನೆ ಮಾತನಾಡುತ್ತಿರುವವನು ಅದರ ಲೆಕ್ಕದಲ್ಲಿ ಗೈರುಹಾಜರು.