ಠಿಕಾಣಿ ಕೊಟ್ಟೂರಲ್ಲಿ ಹೂಡಿ

ಬರೆಯದೆ ಬಹಳ ದಿನ ಆಯ್ತು. ಬೈಯೋರು ಬೈದುಬಿಡಿ, ಆಮೇಲೆ ಮುಂದಕ್ಕೆ ಓದಿ :-)

ಈ ಸಲ ಬರೆಯೋಕೆ ಕಾರಣ ನನ್ನ ಗೆಳೆಯನೊಬ್ಬ. ಕೂಡ್ಲಿಗಿಯಲ್ಲಿ ನನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವ, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ಹೋದ ಬೇಸಿಗೆಯಲ್ಲಿ ಸಂಸಾರ ಸಮೇತ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದ. ಫೋಟೋ ತೋರಿಸ್ತಾನೆ ಅಂತ ಹೋದ್ರೆ ಎಕ್ಸೆಲ್ ಶೀಟ್ ತೋರಿಸಿದ! ಆದ್ರೆ ಆ ಶೀಟು ನೋಡಿ ನಾನು ಸೋತುಹೋದೆ. ಆರು ರಾತ್ರಿ, ಒಂದೇ ಊರು, ಇಂಟರ್‌ಲಾಕನ್. ಒಂದೇ ರೂಮು. ಬೆಳಿಗ್ಗೆ ಎದ್ದ ಕೂಡಲೇ ಬೆಟ್ಟದ ತುದೀಲಿ ಇಟ್ಟಿರೋ ಕ್ಯಾಮೆರಾದ ಚಿತ್ರ ಫೋನಲ್ಲಿ ನೋಡೋದು. ಮೋಡ ಇಲ್ಲ ಅಂದ್ರೆ 3454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ಗೆ ರೈಲು ಹತ್ತೋದು. ಮೋಡ ಇದ್ರೆ ದುಡ್ಡು ಸುಡಬೇಡ, ಕೆಳಗೆ ಸರೋವರದಲ್ಲಿ ದೋಣಿ. ಸಂಜೆಗೆ ತಿರುಗಿ ಅದೇ ರೂಮು, ಅದೇ ಹಾಸಿಗೆ. "ಚೀಲ ಬಿಚ್ಚೋದು ಒಂದೇ ಸಲ ಕಣೋ, ಅದೇ ಗುಟ್ಟು" ಅಂದ.

ಒಪ್ಪಿದೆ. ಆಮೇಲೆ ಅದೇ ಮನುಷ್ಯ ಅದೇ ಬಾಯಲ್ಲಿ ಕೇಳಿದ್ದು: "ಡಿಸೆಂಬರಲ್ಲಿ ಹಂಪಿಗೆ ಬರ್ತಿದೀವಿ. ನಿಮ್ಮ ಕಡೆಗೂ ಒಂದು ದಿನ ಇಟ್ಟಿದೀನಿ. ಬಾಗಳಿ, ಕುರುವತ್ತಿ, ಮೈಲಾರ, ಹಡಗಲಿ, ಸಂಜೆಗೆ ಅಂಕಸಮುದ್ರದ ಹಕ್ಕಿ. ಕವರ್ ಆಗುತ್ತಲ್ವಾ?"

ಕವರ್! ದಿಂಬಿಗೆ ಹಾಕ್ತಾರೆ, ಪುಸ್ತಕಕ್ಕೆ ಹಾಕ್ತಾರೆ. ಊರಿಗೆ ಯಾಕಪ್ಪ? ಆಲ್ಪ್ಸ್‌ಗೆ ಆರು ದಿನ ಕೊಟ್ಟವನು ಹುಟ್ಟಿದ ಸೀಮೆಯ ಐದು ತಾಲ್ಲೂಕಿಗೆ ಒಂದು ದಿನ ಕೊಡ್ತಾನೆ. ಜಗಳ ಆಡಬೇಕು ಅನ್ನಿಸ್ತು, ಆದ್ರೆ ಆಡೋಕೆ ನನಗೆ ಮುಖ ಇರಲಿಲ್ಲ. ಯಾಕಂದ್ರೆ 2022ರಲ್ಲಿ ನಾನೂ ಥೇಟ್ ಇದನ್ನೇ ಮಾಡಿದ್ದೆ, ಅದೂ ನಮ್ಮವ್ವನಿಗೆ.

ಅವ್ವ ಚಿಕ್ಕವಳಿದ್ದಾಗ ಅವರಪ್ಪನ ಜೊತೆ ಬಂಡಿ ಕಟ್ಟಿಕೊಂಡು ಕುರುವತ್ತಿ ಜಾತ್ರೆಗೆ ಹೋಗಿದ್ದಳಂತೆ. ಮದುವೆಯಾಗಿ ಕೊಟ್ಟೂರಿನ ಹತ್ತಿರದ ಹಳ್ಳಿಗೆ ಬಂದಮೇಲೆ ತಿರುಗಿ ಹೋಗೋಕೆ ಆಗಲೇ ಇಲ್ಲ. ಈಗ ಮೊಣಕಾಲು ನೋವು. "ಒಂದ್ಸಲ ಆ ಬಸವಣ್ಣನ್ನ ನೋಡ್ಬೇಕಪ್ಪ" ಅಂತಿದ್ದಳು. ನಾನು ಮಹಾ ಜಾಣ, ಕಾರು ತಗೊಂಡೆ. ಬೆಳಿಗ್ಗೆ ಹೊಸಪೇಟೆಯಿಂದ ಹೊರಟು ಐದು ಜಾಗ ಬರೆದುಕೊಂಡಿದ್ದೆ, ಕುರುವತ್ತಿ ನಾಲ್ಕನೇದು. ತಲುಪಿದಾಗ ಮಧ್ಯಾಹ್ನ ಒಂದು ದಾಟಿತ್ತು. ಕಲ್ಲು ಕಾದು ಹೆಂಚಾಗಿತ್ತು. ಅವ್ವ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ (ಯಾಕೆ ಅಂತ ಮುಂದೆ ಹೇಳ್ತೀನಿ). ತಲೆ ತಿರುಗ್ತದೆ ಅಂತ ಕಾರಲ್ಲೇ ಕೂತಳು. ಅಲ್ಲಿಂದಲೇ ಕೈ ಮುಗಿದಳು. ನಾನು ಒಳಗೆ ಓಡಿ ಹತ್ತು ನಿಮಿಷದಲ್ಲಿ ನಲವತ್ತು ಫೋಟೋ ಹೊಡೆದು ಬಂದೆ. ದಾರಿಯಲ್ಲಿ ಆಕೆ ಏನೂ ಅನ್ನಲಿಲ್ಲ. ಮನೆಗೆ ಬಂದು ಫೋಟೋ ತೋರಿಸಿದ್ರೆ, "ಚೆಂದ ಐತಿ" ಅಂದು ಎದ್ದು ಹೋದಳು. ಬೈದಿದ್ರೆ ಚೆನ್ನಾಗಿತ್ತು.

ಅವತ್ತಿಂದ ನನ್ನ ವಾದ ಒಂದೇ. ನಮ್ಮ ಸೀಮೆ ನೋಡಬೇಕು ಅಂದ್ರೆ ಹೊಸಪೇಟೆಯಲ್ಲಿ ಉಳಿದುಕೊಂಡು ಓಡಾಡಬೇಡಿ. ಕೊಟ್ಟೂರಲ್ಲಿ ಠಿಕಾಣಿ ಹೂಡಿ. ದಿನಕ್ಕೆ ಒಂದು ದಿಕ್ಕು, ಒಂದು ದಿಕ್ಕಿಗೆ ಒಂದೋ ಎರಡೋ ಜಾಗ, ಮಧ್ಯಾಹ್ನಕ್ಕೆ ವಾಪಸ್.

ಯಾಕೆ ಕೊಟ್ಟೂರು? ನಕ್ಷೆ ನೋಡಿ. ಬಡಗಣಕ್ಕೆ ಹಗರಿಬೊಮ್ಮನಹಳ್ಳಿ, ಮೂಡಣದ ಕಡೆ ಕೂಡ್ಲಿಗಿ, ಪಡುವಣಕ್ಕೆ ಹರಪನಹಳ್ಳಿ, ವಾಯವ್ಯಕ್ಕೆ ಹೂವಿನ ಹಡಗಲಿ. ನಟ್ಟನಡುವೆ ಕೊಟ್ಟೂರೇಶ್ವರ ಕೂತಿದಾನೆ. ಹಡಗಲಿಯ ಗೆಳೆಯರು "ನಮ್ಮೂರಲ್ಲಿ ಲಾಡ್ಜಿಲ್ವಾ" ಅಂತ ಕಾಮೆಂಟ್ ಹಾಕ್ತಾರೆ, ಗೊತ್ತು. ಇದೆ ಸ್ವಾಮಿ. ಆದ್ರೆ ಅಲ್ಲಿಂದ ಗುಡೇಕೋಟೆಗೆ ಹೋಗಿಬನ್ನಿ, ಸೊಂಟ ಏನನ್ನುತ್ತೆ ನೋಡೋಣ. ಮತ್ತೆ ಸಂಜೆ ಊರಿಗೆ ವಾಪಸ್ ಬಂದಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಿಗೋದು ಕೊಟ್ಟೂರಿನ ಹಾಗೆ ಎಲ್ಲಿ ಸಿಗುತ್ತೆ? ಇಂಟರ್‌ಲಾಕನ್ನಿನಲ್ಲಿ ಸಿಗುತ್ತಾ?

ರೈಲು ವಿಷಯದಲ್ಲಿ ಮಾತ್ರ ಸ್ವಿಸ್ಸರ ಮುಂದೆ ನಾವು ಬಾಯಿ ಮುಚ್ಕೋಬೇಕು. ಹೊಸಪೇಟೆಯಿಂದ ಕೊಟ್ಟೂರಿನ ತನಕ ಇದ್ದ ಹಳೇ ಲೈನು ಹರಪನಹಳ್ಳಿ ಮೇಲೆ ಹರಿಹರದವರೆಗೆ ಮುಂದುವರಿದು, ಪ್ಯಾಸೆಂಜರ್ ಗಾಡಿ ಓಡೋಕೆ ಶುರುವಾಗಿದ್ದು 2019ರಲ್ಲಿ. ಅದರ ವೇಳೆ ನೋಡಿಕೊಂಡು ದಿನ ಯೋಜಿಸೋದು ಕಷ್ಟ. ಬಸ್ಸೇ ಗತಿ. ಆದ್ರೆ ಬಸ್ಸಿನ ವಿಷಯದಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮವ್ವ, ಇಬ್ಬರು ಚಿಗವ್ವಂದಿರು ಆಧಾರ್ ಕಾರ್ಡನ್ನ ಪ್ಲಾಸ್ಟಿಕ್ ಕವರಲ್ಲಿ ಇಟ್ಟುಕೊಂಡು ನನ್ನ ಕೇಳದೇ ಹೊರಟುಬಿಡ್ತಾರೆ. ಟಿಕೆಟ್ ದುಡ್ಡಿಗೆ ಮಗನ ಮುಖ ನೋಡೋದು ತಪ್ಪಿತು. ಪ್ಲಾನಿಂಗ್ ಅಂದ್ರೆ ಏನು ಅಂತ ನಾನು ಕಲಿತದ್ದು ಈ ಮೂವರಿಂದ, ಎಕ್ಸೆಲ್ಲಿನಿಂದ ಅಲ್ಲ.

ಅವರ ಲೆಕ್ಕ ಹೀಗೆ. ಸ್ವಿಸ್ ಬೆಟ್ಟದಲ್ಲಿ ಮೋಡ ನೋಡಬೇಕು, ನಮ್ಮಲ್ಲಿ ಬಿಸಿಲು. ಹತ್ತೂವರೆ ಒಳಗೆ ಬರಿಗಾಲಲ್ಲಿ ಪ್ರಾಂಗಣ ಸುತ್ತಿ ಮುಗಿಸಬೇಕು. ಆಮೇಲೆ ಏನಿದ್ರೂ ಒಳಗೆ, ಕಂಬದ ನೆರಳಲ್ಲಿ. ಮೊದಲ ಬಸ್ಸಿಗೆ ಹೋಗೋದು, ವಾಪಸ್ ಬಸ್ಸು ಯಾವಾಗ ಅಂತ ಇಳಿದ ಕೂಡಲೇ ಕಂಡಕ್ಟರನ್ನ ಕೇಳೋದು, ಗೂಗಲ್ಲನ್ನ ಅಲ್ಲ. ಬುತ್ತಿ ಕಟ್ಟಿಕೊಳ್ಳೋದು. ತಿಂಗಳು ಕಾರ್ತಿಕದಿಂದ ಪುಷ್ಯದವರೆಗೆ. ಮಾಘದಲ್ಲಿ ಠಿಕಾಣಿ ಬೇಡ. ಭಾರತ ಹುಣ್ಣಿಮೆ ಆಸುಪಾಸು ಮೈಲಾರದ ಕಾರ್ಣಿಕ, ಅದರ ಬೆನ್ನಿಗೇ ಕೊಟ್ಟೂರಿನ ತೇರು. ದಾವಣಗೆರೆಯಿಂದ ನಡಕೊಂಡು ಬರೋರಿಗೇ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ, ನಿಮಗೆಲ್ಲಿ ರೂಮು! ಕಾರ್ಣಿಕ ನೋಡಬೇಕು ಅಂತಿದ್ರೆ ಅದೇ ಬೇರೆ ಯಾತ್ರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದಾಗ ಅಷ್ಟು ಜನಸಾಗರ ಒಮ್ಮೆಲೇ ಸುಮ್ಮನಾಗೋದನ್ನ ಜನ್ಮಕ್ಕೊಮ್ಮೆ ಕೇಳಲೇಬೇಕು (ಸುಮ್ಮನಿರೋದನ್ನ ಕೇಳೋದು... ಹೌದು, ಸರಿಯಾಗೇ ಬರೆದಿದೀನಿ).

ಹೋದ ವರ್ಷ ಮಾರ್ಗಶಿರದಲ್ಲಿ ಅವ್ವನ ಮಾತಿನಂತೆ ಮೂರು ದಿನ ಕೊಟ್ಟೂರಲ್ಲಿ ಉಳಿದೆವು. ಸ್ವಂತ ಹಳ್ಳಿ ಅಷ್ಟು ಹತ್ತಿರ ಇಟ್ಟುಕೊಂಡು ಲಾಡ್ಜು ಮಾಡಿದ್ದಕ್ಕೆ ನೆಂಟರು ಇವತ್ತಿಗೂ ನಗ್ತಾರೆ. "ಮನೇಲಿದ್ರೆ ಎಮ್ಮೆ ಬಿಡಲ್ಲ" ಅನ್ನೋದು ಅವ್ವನ ಸಮಜಾಯಿಷಿ.

ಮೊದಲ ದಿನ ಕುರುವತ್ತಿ. ದೂರ, ಬಸ್ಸು ಬದಲಿಸಬೇಕು, ಹಾಗಾಗಿ ಅವತ್ತು ಬೇರೆ ಏನೂ ಇಲ್ಲ. ತುಂಗಭದ್ರೆಯ ದಂಡೆ. 1068ರಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ವಾಸಿಯಾಗದ ಕಾಯಿಲೆ ಬಂದು ಇಲ್ಲೇ ನದಿಗಿಳಿದು ಪ್ರಾಣ ಬಿಟ್ಟ. ಕಲ್ಯಾಣವನ್ನ ರಾಜಧಾನಿ ಮಾಡಿಕೊಂಡಿದ್ದ ದೊರೆ ಸಾಯೋಕೆ ಆರಿಸಿಕೊಂಡ ಜಾಗ ನಮ್ಮ ಹಡಗಲಿ ತಾಲ್ಲೂಕಿನ ಒಂದು ದಂಡೆ! ಮಲ್ಲಿಕಾರ್ಜುನನ ಗುಡಿಯ ಕಂಬದ ಮೇಲಿನ ಮದನಿಕೆಯರನ್ನ ನೋಡಿದ್ರೆ ಬೇಲೂರಿನ ಶಿಲಾಬಾಲಿಕೆಯರಿಗೆ ಇವರು ಅಕ್ಕಂದಿರು ಅನ್ನೋದು ಗೊತ್ತಾಗುತ್ತೆ. ಚಾಲುಕ್ಯರ ಕೆಲಸ, ಬೇಲೂರಿಗಿಂತ ಮೊದಲಿನದು. 2022ರಲ್ಲಿ ನಾನು ಹೊಡೆದ ನಲವತ್ತು ಫೋಟೋದಲ್ಲಿ ಈ ಹೆಂಗಸರು ಇದ್ದರು, ಆದ್ರೆ ನಾನು ನೋಡಿರಲಿಲ್ಲ. ಈ ಸಲ ಅವ್ವ ಬಸವಣ್ಣನ ಎದುರು ಕೂತಳು. ಕೂತೇ ಕೂತಳು. ಒಂದೂವರೆ ಗಂಟೆ! ಚಿಕ್ಕಂದಿನಲ್ಲಿ ನೋಡಿದಾಗ ಇನ್ನೂ ದೊಡ್ಡದಿತ್ತಂತೆ. "ಬಸವಣ್ಣ ಸಣ್ಣಗಾಗ್ಯಾನೋ ನಾ ದೊಡ್ಡಾಕಿ ಆಗೀನೋ" ಅಂತ ಚಿಗವ್ವನ ಜೊತೆ ವಾದ. ಆಮೇಲೆ ಹೊಳೆಗೆ ಕಾಲು ಇಳಿಬಿಟ್ಟು ರೊಟ್ಟಿ ತಿಂದೆವು. ಅಷ್ಟೇ ಆ ದಿನ. ಹತ್ತಿರದಲ್ಲೇ ಮೈಲಾರ ಇತ್ತು, ಹೊಳಲಿನ ಅನಂತಶಯನ ಇತ್ತು. ಹೋಗಲಿಲ್ಲ. ಹೊಸಪೇಟೆಯ ಅನಂತಶಯನಗುಡಿ ಖಾಲಿ ಇದೆಯಲ್ಲ, ಅದಕ್ಕಾಗಿ ಕೆತ್ತಿದ ಮೂರ್ತಿ ಹೊಳಲಲ್ಲೇ ಮಲಗಿಬಿಟ್ಟ ಅಂತ ಜನ ಹೇಳ್ತಾರೆ. ದೇವರೇ ಪ್ರಯಾಣ ಅರ್ಧಕ್ಕೆ ನಿಲ್ಲಿಸಿ ಮಲಗಿದಾನೆ, ನಮಗೇನು ಅವಸರ :-)

ಎರಡನೇ ದಿನ ಹರಪನಹಳ್ಳಿ ದಿಕ್ಕು, ಬಾಗಳಿ. ಈ ತಾಲ್ಲೂಕಿನ ಕಥೆಯೇ ತಮಾಷೆ: ಕೂತಲ್ಲೇ ಕೂತು ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು, ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾಯ್ತು. ನಮಗಿಂತ ಜಾಸ್ತಿ ಪ್ರವಾಸ ಮಾಡಿದೆ. ಬಾಗಳಿಯ ಕಲ್ಲೇಶ್ವರ ಸಾವಿರ ವರ್ಷದ ಗುಡಿ, ಕಂಬಗಳ ಮಂಟಪ ಅಂದ್ರೆ ಅದು. ನಾನು ಅಲ್ಲಿ ಮೂರು ಗಂಟೆ ಇದ್ದು ಕಂಬ ಮುಗಿಸಿಲ್ಲ. ಅಲೆಗ್ಸಾಂಡರ್ ರೀ ಅನ್ನೋ ಬಿಳಿಯ, ಮದರಾಸಿನ ಪುರಾತತ್ವ ಇಲಾಖೆಯವನು, ಈ ಬಾಗಳಿ, ಕುರುವತ್ತಿ, ಹಡಗಲಿ, ನೀಲಗುಂದಗಳನ್ನೆಲ್ಲ ಅಳೆದು ಬರೆದು 1896ರಲ್ಲಿ ಒಂದು ದಪ್ಪ ಪುಸ್ತಕವನ್ನೇ ತಂದ. ರೈಲಿಲ್ಲ, ಕಾರಿಲ್ಲ, ನಮ್ಮ ಭಾಷೆಯೂ ಅವನದಲ್ಲ. ನಾವು ಇಪ್ಪತ್ತು ನಿಮಿಷದಲ್ಲಿ ಸೆಲ್ಫಿ ತೆಗೆದು ಮುಂದೆ ಹೋಗ್ತೀವಿ.

ಮೂರನೇ ದಿನ ಅಂಕಸಮುದ್ರ. ಇದಕ್ಕೆ ಮಾತ್ರ ಬಸ್ಸು ನಂಬಬೇಡಿ, ನಸುಕಿಗೇ ಅಲ್ಲಿರಬೇಕು, ಆಟೋ ಮಾತಾಡಿಕೊಳ್ಳಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಸಾದಾ ಊರಕೆರೆ, ನೂರು ಹೆಕ್ಟೇರಿಗೂ ಒಂಚೂರು ಕಮ್ಮಿ. ನೀರೊಳಗೆ ನಿಂತ ಜಾಲಿಮರಗಳು, ಮರದ ತುಂಬ ಬಣ್ಣದ ಕೊಕ್ಕರೆ, ಕೆಂಬರಲು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಣೆ ಆಯ್ತು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿ ಇಲ್ಲಿ ತಂಗುತ್ವೆ ಅಂತ ಲೆಕ್ಕ. ಗಮನಿಸಿ, ಹಕ್ಕಿಗಳದ್ದೂ ಇದೇ ಪದ್ಧತಿ! ಒಂದು ಕೆರೆ ಠಿಕಾಣಿ. ಬೆಳಿಗ್ಗೆ ಹೊರಡೋದು, ಸಂಜೆ ಅದೇ ಮರಕ್ಕೆ ವಾಪಸ್. ಎರಡನೇ ಚಿಗವ್ವ ವಾಸನೆಗೆ ಮೂಗು ಮುಚ್ಚಿಕೊಂಡೇ ಅರ್ಧ ಗಂಟೆ ನೋಡಿದಳು.

ಗುಡೇಕೋಟೆ ಉಳಿದುಹೋಯ್ತು. ಕೂಡ್ಲಿಗಿ ದಾಟಿ ಹೋಗಬೇಕು. ಬಂಡೆಗುಡ್ಡ, ಪಾಳೆಗಾರರ ಕೋಟೆ, ಕರಡಿಧಾಮ. ಕರಡಿ ಕಾಣಬೇಕು ಅಂತ ಹೋಗಬೇಡಿ, ಕಂಡರೆ ನಿಮಗೇ ತೊಂದರೆ. ಕತ್ತಲಾಗೋ ಮೊದಲು ಹೊರಡಿ.

ಈಗ ನೀರಿನ ವಿಷಯ. ಅವ್ವ 2022ರಲ್ಲಿ ಯಾಕೆ ನೀರು ಕುಡಿದಿರಲಿಲ್ಲ ಅಂತ ನನಗೆ ತಿಳಿದದ್ದು ಈ ಸಲ, ಅದೂ ಚಿಗವ್ವ ಹೇಳಿದ್ದಕ್ಕೆ. ಹೊರಗೆ ಹೊರಟ ದಿನ ನಮ್ಮ ಮನೆ ಹೆಂಗಸರು ಯಾರೂ ನೀರು ಕುಡಿಯಲ್ಲ. ಕುಡಿದ್ರೆ ಹೋಗೋದೆಲ್ಲಿ? ಒಂದು ಗುಡಿಯ ಹತ್ತಿರ ಶೌಚಾಲಯ ಕಟ್ಟಿಸಿದಾರೆ, ಟೈಲ್ಸ್ ಎಲ್ಲ ಹಾಕಿ. ಯಾವ ಊರು ಅಂತ ಹೇಳಲ್ಲ. ಬಾಗಿಲಿಗೆ ಬೀಗ. ಬೀಗದ ಕೈ ಇರೋರು ಸಂತೆಗೆ ಹೋಗಿದಾರೆ. ನಾನು ಐವತ್ತು ದಾಟಿದ ಗಂಡಸು, ಇಷ್ಟು ವರ್ಷ ಈ ತಾಲ್ಲೂಕುಗಳನ್ನ ಸುತ್ತಿದೀನಿ, ಇದು ನನ್ನ ತಲೆಗೇ ಬಂದಿರಲಿಲ್ಲ. ಸಂಜೆ ಅಲ್ಲ, ಮಧ್ಯಾಹ್ನವೇ ರೂಮಿಗೆ ವಾಪಸಾಗಬೇಕು ಅನ್ನೋ ಅವ್ವನ ಹಟದ ಅರ್ಥ ಆಗ ಆಯ್ತು. ನಾನು ಅದನ್ನ ಬಿಸಿಲಿಗೆ ಅಂತ ತಿಳಿದಿದ್ದೆ. ಕೋಟಿಗಟ್ಟಲೆ ಖರ್ಚು ಮಾಡಿ ಪ್ರವಾಸಿ ಉತ್ಸವ ಮಾಡೋರು, ನಿಮ್ಮ ದಮ್ಮಯ್ಯ, ಮೊದಲು ಆ ಬೀಗ ತೆಗೆಸಿ. ಬಸ್ಸು ಪುಕ್ಕಟೆ ಮಾಡಿದ್ದು ಸರಿ, ಇಳಿದ ಜಾಗದಲ್ಲಿ ಹೆಂಗಸು ಒಂದು ಲೋಟ ನೀರು ಧೈರ್ಯವಾಗಿ ಕುಡಿಯೋ ಹಾಗೆ ಆಗಲಿ. ಬೋರ್ಡು, ಲೈಟು, ಗ್ಲಾಸ್ ಸೇತುವೆ ಎಲ್ಲ ಆಮೇಲೆ.

ಗೆಳೆಯನಿಗೆ ಇಷ್ಟೂ ಫೋನಲ್ಲಿ ಹೇಳಿದೆ. "ಅಷ್ಟು ದಿನ ರಜೆ ಇಲ್ವಲ್ಲೋ" ಅಂದ. ಹಾಗಾದ್ರೆ ಹಂಪಿಯಲ್ಲಿ ಒಂದು ದಿನ ಕಡಿಮೆ ಮಾಡು, ಕೊಟ್ಟೂರಲ್ಲಿ ಎರಡು ರಾತ್ರಿ ಇರು, ಒಂದು ಕುರುವತ್ತಿ, ಒಂದು ಅಂಕಸಮುದ್ರ, ಸಾಕು ಅಂದೆ. ಯೋಚನೆ ಮಾಡ್ತಾನಂತೆ. ಶೀಟು ಕಳಿಸಿದ್ರೆ ಹಾಕ್ತೀನಿ.

ಈ ನಡುವೆ ಅವ್ವನ ಮುಂದಿನ ಪ್ಲಾನ್ ತಯಾರಾಗಿದೆ. ಉಜ್ಜಿನಿ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಅಂತ ನಮ್ಮ ಕಡೆ ಹಳೇ ಮಾತೊಂದಿದೆ. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆಗೆ ಹೇಳಿದ್ದು. ಒಳಗೆ ನೆರಳು, ಹತ್ತೂವರೆ ಲೆಕ್ಕ ಇಲ್ಲ. ತೇರಿನ ಮಾರನೇ ದಿನ ಶಿಖರಕ್ಕೆ ಎಣ್ಣೆ ಎರೆಯೋದನ್ನೂ ನೋಡಬೇಕಂತೆ. ಅದು ಸುಡುಬೇಸಿಗೆ, ಮೊಣಕಾಲು ನೋವು, ಜನ ಅಂದ್ರೆ ಜನ, ಬೇಡ ಅಂದೆ. ಚಿಗವ್ವನ ಗಂಡನ ಕಡೆಯವರ ಮನೆ ಗುಡಿಗೆ ಹತ್ತಿರವೇ ಇದೆಯಂತೆ, ವಿಚಾರಿಸಿ ಆಗಿದೆ, ಬಚ್ಚಲು ಮನೆ ಒಳಗೇ ಇದೆಯಂತೆ. ನನ್ನನ್ನ ಕರೆದಿಲ್ಲ.