ಸಿಮ್ಯುಲೇಟರ್ ಎಲ್ಲರದ್ದು, ಕಾಕ್‌ಪಿಟ್ ಯಾರದ್ದು?

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸೋದು ಹೊಸದೇನಲ್ಲ. ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಮೊದಲು ಬಂದದ್ದು 1982ರಲ್ಲಿ. 2020ರ ಆವೃತ್ತಿ ಉಪಗ್ರಹ ಚಿತ್ರಗಳನ್ನು ಬಳಸಿ ಇಡೀ ಭೂಮಿಯನ್ನೇ ಪರದೆಗೆ ತಂದಿತು. ಒಳ್ಳೆಯ ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಇದ್ದರೆ ದಾವಣಗೆರೆಯ ಹುಡುಗಿಯೊಬ್ಬಳು ಕೂತಲ್ಲೇ ಬೆಂಗಳೂರಿನ ರನ್‌ವೇ ಮೇಲೆ ವಿಮಾನ ಇಳಿಸಬಹುದು. ಹಾಗಾದ್ರೆ ಆಕೆ ಅರ್ಧ ಪೈಲಟ್ ಆದಂತೆಯೇ?

ಒಂದು ಮಟ್ಟಿಗೆ ಹೌದು. ಮೀಟರ್ ಓದೋದು, ಚೆಕ್‌ಲಿಸ್ಟ್ ಪಾಲಿಸೋದು, ದಾರಿ ಲೆಕ್ಕ ಹಾಕೋದು ಪರದೆಯ ಮುಂದೆಯೂ ಬರುತ್ತೆ. ಆದರೆ ಮನೆಯ ಕುರ್ಚಿ ಅಲುಗಾಡಲ್ಲ. ನಿಜವಾದ ವಿಮಾನವನ್ನು ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ನಿಮ್ಮ ಮೈಭಾರ ಎರಡು ಪಟ್ಟಾದಂತೆ ಅನ್ನಿಸುತ್ತೆ. ಮೋಡದೊಳಗೆ ಹೊಕ್ಕರೆ ಒಳಗಿವಿ ಸುಳ್ಳು ಹೇಳೋಕೆ ಶುರು ಮಾಡುತ್ತೆ. ವಿಮಾನ ವಾಲಿದ್ದರೂ ನೆಟ್ಟಗಿದೆ ಅನ್ನಿಸುತ್ತೆ. ಆಗ ಮೈಯನ್ನು ನಂಬದೆ ಮೀಟರ್ ನಂಬುವುದೇ ಪೈಲಟ್‌ನ ವಿದ್ಯೆ. ಅಲ್ಲಿ ಪಾಸ್ ಬಟನ್ ಇರೋದಿಲ್ಲ. ಅದಕ್ಕೇ ಮನೆಯಲ್ಲಿ ಆಡಿದ ಗಂಟೆಗಳು ಲೈಸೆನ್ಸ್ ಲೆಕ್ಕಕ್ಕೆ ಬರಲ್ಲ.

ಹಾಗಂತ ಸಿಮ್ಯುಲೇಟರ್ ಅಂದ್ರೆ ಬರೀ ಆಟಿಕೆ ಅನ್ನೋದೂ ತಪ್ಪು. ಎಂಜಿನ್‌ಗೆ ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಪ್ರಯಾಣಿಕರನ್ನು ಕೂರಿಸಿಕೊಂಡು ಕಲಿಯೋಕಾಗುತ್ತಾ? ವಿಮಾನಯಾನ ಕಂಪನಿಗಳ ಪೈಲಟ್‌ಗಳು ಅದನ್ನು ಕಲಿಯುವುದು ಕಾಕ್‌ಪಿಟ್ ಸಮೇತ ಅಲುಗಾಡುವ, ಕೋಟಿಗಟ್ಟಲೆ ಬೆಲೆಯ, ಪ್ರಮಾಣೀಕೃತ ಸಿಮ್ಯುಲೇಟರ್‌ಗಳಲ್ಲಿ.

ಇಲ್ಲಿಂದಲೇ ರಾಜಕೀಯ ಶುರುವಾಗೋದು. 737 ಮ್ಯಾಕ್ಸ್ ಮಾರುವಾಗ ಬೋಯಿಂಗ್‌ನ ದೊಡ್ಡ ಆಮಿಷವೇ 'ಹಳೆಯ 737 ಹಾರಿಸುವವರಿಗೆ ಹೊಸದಾಗಿ ಸಿಮ್ಯುಲೇಟರ್ ತರಬೇತಿ ಬೇಡ' ಎಂಬುದು. ಹಾಗೇನಾದರೂ ಬೇಕಾದರೆ ವಿಮಾನವೊಂದಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುವುದಾಗಿ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಮಾತು ಕೊಟ್ಟಿತ್ತು. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೆ ಒತ್ತುವ ಎಂಕ್ಯಾಸ್ ಎಂಬ ತಂತ್ರಾಂಶ ಇದೆ ಅನ್ನೋದೇ ಬಹುತೇಕ ಪೈಲಟ್‌ಗಳಿಗೆ ಗೊತ್ತಿರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾ: ಎರಡು ಅಪಘಾತ, 346 ಸಾವು. 2020ರ ಜನವರಿಯಲ್ಲಿ ಬೋಯಿಂಗ್ ತಾನೇ ಸಿಮ್ಯುಲೇಟರ್ ತರಬೇತಿ ಬೇಕು ಎಂದಿತು. ತರಬೇತಿಯನ್ನು ಬರೀ ಖರ್ಚು ಅಂತ ನೋಡಿದರೆ ಬೆಲೆ ತೆರೋದು ಪ್ರಯಾಣಿಕರು.

ನಮ್ಮಲ್ಲಿ ಆ ಖರ್ಚು ಇನ್ನೊಂದು ರೂಪದಲ್ಲಿದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟದ ಅನುಭವ ಬೇಕು. ಅದನ್ನು ಮುಗಿಸೋಕೆ ಅರ್ಧ ಕೋಟಿ ರೂಪಾಯಿಯೋ, ಇನ್ನೂ ಹೆಚ್ಚೋ ಬೇಕು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೇ ಹಲವು ವರ್ಷ ತರಬೇತಿ ನಿಂತುಹೋಗಿತ್ತು. ಹೀಗಿರುವಾಗ ದಾವಣಗೆರೆಯ ಆ ಹುಡುಗಿ ಹೋಗೋದೆಲ್ಲಿಗೆ?

ಗಂಟೆ ಕಡಿಮೆ ಮಾಡಿ ಅಂತ ಕೇಳೋದು ಪರಿಹಾರ ಅಲ್ಲ, ಬೋಯಿಂಗ್ ಮಾಡಿದ್ದೂ ಅಂಥದ್ದನ್ನೇ. ಆ 200 ಗಂಟೆ ಹಾಗೇ ಇರಲಿ. ಅದರ ಖರ್ಚಿನಲ್ಲಿ ಸರ್ಕಾರ ಪಾಲು ಹೊರಲಿ. ಸರ್ಕಾರಿ ತರಬೇತಿ ಶಾಲೆಗಳು ಪೂರ್ತಿ ಓಡಲಿ, ಸ್ಕಾಲರ್‌ಶಿಪ್ ಶುಲ್ಕದ ಒಂದು ಮೂಲೆಗಲ್ಲ, ಹಾರಾಟದ ಗಂಟೆಗಳಿಗೂ ಸಾಕಾಗುವಷ್ಟಿರಲಿ. ಕನಸು ಕಾಣೋಕೆ ಪರದೆ ಸಾಕು. ಹಾರೋಕೆ ವಿಮಾನವೇ ಬೇಕು.